ಗುಬ್ಬಿ ಬಿಟ್ಟುಹೋದ ಮುಟ್ಟಿದರೆ ಮುನಿ

ಭಾನುವಾರ, ಹದಿನಾಲ್ಕನೇ ತಾರೀಖು

ಗುಬ್ಬಿಯ ಅಪ್ಪನಿಗೆ,

ನಿಮ್ಮ ಅಕ್ಕನ ಮನೆಯ ವಿಳಾಸಕ್ಕೆ ಬರೆಯುತ್ತಿದ್ದೇನೆ. ಫೋನ್ ಮಾಡಿದರೆ ನೀವು ಹೂಂ ಎನ್ನುತ್ತೀರಿ, ನಾನು ಅಳುತ್ತೇನೆ, ಅಲ್ಲಿಗೆ ಮಾತು ಮುಗಿಯುತ್ತದೆ. ಕಾಗದವಾದರೆ ಕೊನೆಯವರೆಗೂ ಹೇಳಬಹುದು. ಅಕ್ಕನ ಕೈಯಲ್ಲಿ ಓದಿಸಬೇಡಿ, ನೀವೇ ಓದಿ.

ನೀವು ಬಟ್ಟೆಯ ಚೀಲ ಹಿಡಿದು ಹೊರಟು ಇವತ್ತಿಗೆ ಒಂಬತ್ತು ದಿನ. ಅವತ್ತು ಬೆಳಿಗ್ಗೆ ಗಿಡವನ್ನು ಮುಟ್ಟಿ ನೋಡಿದೆ. ಎಲೆ ಮಡಚಿಕೊಳ್ಳಲೇ ಇಲ್ಲ. ಬುಡದ ಎಲೆಗಳೆಲ್ಲ ಹಳದಿಯಾಗಿದ್ದವು. ಮಗಳು ಬೀಜ ಹಾಕಿ ಬೆಳೆಸಿದ ಗಿಡ, ಅವಳು ಹೋದ ನಾಲ್ಕು ತಿಂಗಳಿಗೆ ಅದೂ ಹೋಗುತ್ತಿದೆ ಎನಿಸಿತು. ತಪ್ಪನ್ನು ಯಾರ ಮೇಲಾದರೂ ಹಾಕಬೇಕಿತ್ತು, ಎದುರಿಗೆ ನೀವು ಸಿಕ್ಕಿರಿ. ಬಣ್ಣ ಬಳಿಯುವ ನಿಮಗೆ ಕಂಡವರ ಗೋಡೆಯ ಮೇಲಿರುವ ಅಕ್ಕರೆ ಸ್ವಂತ ಮಗಳ ಗಿಡದ ಮೇಲಿಲ್ಲ ಎಂದೆ. ಒಂದು ದಿನವಾದರೂ ಅದರತ್ತ ತಿರುಗಿ ನೋಡಿದ್ದೀರಾ ಎಂದೆ. ಅವಳು ಹೋದಾಗಲೂ ನಿಮಗೆ ಅಳು ಬರಲಿಲ್ಲ ಎಂದೂ ನಾಲಿಗೆ ಹರಿಬಿಟ್ಟೆ. ನೀವು ಒಳಗೆ ಹೋಗಿ ಬಟ್ಟೆ ತುಂಬಿಕೊಂಡಿರಿ.

ಅವಳಿದ್ದಾಗಿನ ಕಾಯಿದೆ ನೆನಪಿದೆಯಲ್ಲ? ಮನೆಯಲ್ಲಿ ದಿನಕ್ಕೆ ಒಬ್ಬರೇ ಗಿಡ ಮುಟ್ಟಬೇಕು, ಮುಟ್ಟಿದವರು ಅದು ಮತ್ತೆ ಬಿಚ್ಚಿಕೊಳ್ಳುವವರೆಗೆ ಎದುರೇ ನಿಂತಿರಬೇಕು. ನಿಮ್ಮ ಸರದಿಯ ದಿನ ಕೆಲಸಕ್ಕೆ ತಡವಾದರೂ ನಿಲ್ಲುತ್ತಿದ್ದಿರಿ. ಬಾಯಿಗೆ ಬಂದದ್ದನ್ನು ಆಡುವಾಗ ನನಗೆ ಅದೂ ನೆನಪಾಗಲಿಲ್ಲ.

ಮಾರನೆಯ ದಿನ ಕುಂಡವನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ನರ್ಸರಿಗೆ ಹೋದೆ. ಅಲ್ಲಿಯ ಹೆಂಗಸು ಗಿಡವನ್ನು ಮಣ್ಣಿನಿಂದ ಬಿಡಿಸಿ ಮೂಗಿನ ಹತ್ತಿರ ಹಿಡಿದಳು. ಬೇರುಗಳೆಲ್ಲ ಕಪ್ಪಾಗಿ ಕೊಳೆತಿದ್ದವು. ಎಷ್ಟು ಸಲ ನೀರು ಹಾಕ್ತೀರಾ ಅಂತ ಕೇಳಿದಳು. ದಿನಕ್ಕೆ ಒಂದೇ ಸಲ, ಮಧ್ಯಾಹ್ನ, ಅರ್ಧ ಲೋಟ ಎಂದೆ. ಅಷ್ಟಕ್ಕೆಲ್ಲ ಹೀಗಾಗಲ್ಲ ಅಕ್ಕಾ, ಇನ್ಯಾರೋ ಹಾಕ್ತಾ ಇದಾರೆ, ಮನೇಲಿ ವಿಚಾರಿಸಿ ನೋಡಿ ಅಂದಳು. ನಮ್ಮ ಮನೆಯಲ್ಲಿ ಇನ್ಯಾರಿದ್ದಾರೆ?

ಬಂದವಳೇ ಅಡುಗೆಮನೆಯ ಕಿಟಕಿಯ ಕೆಳಗೆ, ನಿಮ್ಮ ಬ್ರಷ್‌ಗಳ ಹಿಂದೆ ಕೈಹಾಕಿದೆ. ಬಣ್ಣದ ಸಣ್ಣ ಡಬ್ಬಿ ಸಿಕ್ಕಿತು. ಒಂದು ಚೂರೂ ಕಲೆ ಉಳಿಯದಂತೆ ಉಜ್ಜಿ ತೊಳೆದಿದ್ದೀರಿ. ನೀರು ಎಲೆಗೆ ತಾಕಿ ಅದು ಮುದುಡಬಾರದು, ಬುಡಕ್ಕೇ ಬೀಳಬೇಕು ಎಂದು ಅಂಚನ್ನು ಕೊಕ್ಕಿನ ಹಾಗೆ ಬಗ್ಗಿಸಿದ್ದೀರಿ. ದಿನಾ ಬೆಳಿಗ್ಗೆ ನಾನು ಏಳುವ ಮೊದಲೇ ಗಿಡಕ್ಕೆ ನೀರು ಹಾಕುತ್ತಿದ್ದಿರಿ, ಅಲ್ಲವೇ? ಡಬ್ಬಿ ಹಿಡಿದು ನೆಲದ ಮೇಲೆ ಕುಳಿತುಬಿಟ್ಟೆ. ಅವತ್ತೇ ಬರೆಯಬೇಕಿತ್ತು, ಬರೆಯಲು ಮುಖವಿರಲಿಲ್ಲ.

ಈಗ ನನ್ನ ಗುಟ್ಟು. ಆಸ್ಪತ್ರೆಯಲ್ಲಿ ಒಂದು ದಿನ ನೀವು ಔಷಧಿ ತರಲು ಹೋಗಿದ್ದಾಗ ಗುಬ್ಬಿ ನನ್ನನ್ನು ಹತ್ತಿರ ಎಳೆದುಕೊಂಡಳು. ನನ್ ಗಿಡಕ್ಕೆ ದಿನಾ ನೀನೇ ನೀರು ಹಾಕ್ಬೇಕು, ಅಪ್ಪಂಗೆ ಹೇಳ್ಬೇಡ, ಅಪ್ಪಂಗೆ ಮರ್ತೋಗತ್ತೆ ಅಂದಳು. ಆಣೆ ಹಾಕಿಸಿಕೊಂಡಳು. ಆಮೇಲೆ ಆ ಜ್ವರದಲ್ಲೂ ಕಿಸಕ್ಕೆಂದು ನಕ್ಕಳು. ನಾನು ಊಟ ತರಲು ಮನೆಗೆ ಬಂದಾಗ ನಿಮ್ಮ ಕಿವಿಯಲ್ಲೂ ಹೀಗೇ ಹೇಳಿದ್ದಳಾ? ಅಮ್ಮಂಗೆ ಹೇಳ್ಬೇಡ ಅಂದಿದ್ದಳಾ? ಒಂಬತ್ತು ವರ್ಷದ ಕಿಲಾಡಿ. ಒಬ್ಬರು ಮರೆತರೆ ಇನ್ನೊಬ್ಬರು ಹಾಕಲಿ ಎಂದುಕೊಂಡಿದ್ದಳು. ಇಬ್ಬರೂ ಮರೆಯುವುದಿಲ್ಲ ಎಂದು ಆ ಮಗುವಿಗೆ ಹೊಳೆಯಲಿಲ್ಲ.

ಕೊಟ್ಟ ಮಾತನ್ನು ಹೊಟ್ಟೆಯಲ್ಲಿಟ್ಟುಕೊಂಡು, ಬೈಸಿಕೊಂಡು ಮನೆ ಬಿಟ್ಟಿರಿ. ಬಾಯಿಬಿಟ್ಟು ಹೇಳಬಾರದಿತ್ತೇ? ನಾನಾದರೂ ಎಲ್ಲಿ ಹೇಳಿದೆ. ನಿಮಗೆ ಅಳು ಬರಲಿಲ್ಲ ಎಂದೆನಲ್ಲ, ಆ ಮಾತು ನನ್ನನ್ನು ತಿನ್ನುತ್ತಿದೆ. ಹೊಲಿಯಲು ಕೂತರೆ ಸೂಜಿಗೆ ದಾರ ಪೋಣಿಸಲಾಗುತ್ತಿಲ್ಲ. ಪಕ್ಕದ ಮನೆಯವರ ರವಿಕೆ ಹಾಗೇ ಬಿದ್ದಿದೆ. ನನ್ನನ್ನು ಕ್ಷಮಿಸಿ. ಬಯ್ಯುವುದಿದ್ದರೆ ಮನೆಗೆ ಬಂದು ಬಯ್ಯಿರಿ.

ಇಂತಿ,
ಗುಬ್ಬಿಯ ಅಮ್ಮ

ತಾ.ಕ.: ಗಿಡ ಹೇಗಿದೆ ಎಂದು ಮೇಲೆ ಎಲ್ಲೂ ಬರೆಯಲಿಲ್ಲ. ನರ್ಸರಿಯಿಂದ ತಂದ ನಾಲ್ಕನೇ ದಿನಕ್ಕೆ ಅದು ಹೋಯಿತು. ಕುಂಡದಲ್ಲಿ ಈಗ ಬರಿ ಮಣ್ಣಿದೆ. ಆದರೂ ಮಧ್ಯಾಹ್ನವಾದರೆ ಅರ್ಧ ಲೋಟ ನೀರು ಹಾಕುತ್ತಿದ್ದೇನೆ. ನಿಮ್ಮ ಪಾಲಿನದನ್ನೂ ಬೆಳಿಗ್ಗೆ ನಾನೇ ಹಾಕುತ್ತೇನೆ. ಎಲ್ಲಿಯವರೆಗೆ ಹಾಕಬೇಕೆಂದು ಅವಳು ಹೇಳಿರಲಿಲ್ಲ. ನೀವು ಬಂದು ಸಾಕು ಅನ್ನಿ.