ಗುಡ್ಡ ಒದ್ದೆ, ಕೆರೆದಂಡೆ ಒಣ

ಮಾರ್ಚ್ ೧೯, ಸಂಜೆ

ಪ್ರೀತಿಯ ತಮ್ಮ,

ಆರಾಮಾಗಿದ್ದೇನೆ ಎಂದು ಬರೆದರೆ ನೀನು ನಂಬಿಬಿಡುತ್ತೀಯ, ಅದಕ್ಕೇ ಬರೆಯುತ್ತಿಲ್ಲ. ನೀನು ಕಳಿಸಿದ ನಕ್ಷೆ ಕೈಸೇರಿ ತಿಂಗಳಾಯಿತು. ಉತ್ತರ ತಡವಾದದ್ದಕ್ಕೆ ಬೇಜಾರು ಮಾಡಿಕೊಳ್ಳಬೇಡ. ಕೋಪ ತಣ್ಣಗಾಗಲಿ ಎಂದು ಕಾಯುತ್ತಿದ್ದೆ. ಅದು ತಣ್ಣಗಾಗುವ ಜಾತಿಯದಲ್ಲ ಎಂದು ಈಗ ಗೊತ್ತಾಗಿದೆ.

ನಿನ್ನ ಭಾವನಿಗೆ ಮಂಡಿನೋವು, ಲಿಫ್ಟ್ ಹತ್ತುವುದಿಲ್ಲ ಎಂಬ ಹಟ ಮಾತ್ರ ಹಾಗೇ ಇದೆ. ಅಮ್ಮನ ಕೋಣೆಯನ್ನು ಮಗಳಿಗೆ ಕೊಟ್ಟೆವು. ಪ್ರಯೋಗಾಲಯಕ್ಕೆ ಮಣ್ಣು ಒಣಗಿಸುವ ಹೊಸ ಒಲೆ ಬಂದಿದೆ, ಹಳೆಯದರ ಮುಚ್ಚದ ಬಾಗಿಲಿಗೆ ಕುರ್ಚಿ ಒತ್ತಿಡುವ ಕಷ್ಟ ತಪ್ಪಿತು.

ನಕ್ಷೆ ನೋಡಲು ಚೆಂದವಿದೆ. ಒದ್ದೆ ನೆಲಕ್ಕೆ ನೀಲಿ, ಒಣ ನೆಲಕ್ಕೆ ಕಂದು. ನಮ್ಮ ಸಂಸ್ಥೆಯ ನಿರ್ದೇಶಕರು ಅದಕ್ಕೆ ಕಟ್ಟು ಹಾಕಿಸಿ ಕಾರಿಡಾರಿನಲ್ಲಿ ತೂಗುಹಾಕಿದ್ದಾರೆ. “ನಿಮ್ ತಮ್ಮ ಆಕಾಶದಲ್ಲಿ ಕೂತು ಭೂಮಿಯ ಬಾಯಾರಿಕೆ ಓದ್ತಾನೆ ಕಣ್ರೀ” ಎಂದರು. ನಾನು ಹಲ್ಲು ಕಿರಿದು ಬಂದೆ.

ವಿಮಾನ ಹಾರಿದ ದಿನ ನೆನಪಿದೆಯಲ್ಲ? ನೀನು ಮೇಲೆ, ನೆಲದ ತೇವ ಅಳೆಯುವ ರೇಡಾರಿನ ಮುಂದೆ. ನಾನು ಕೆಳಗೆ ಹೊಲದಲ್ಲಿ, ಮಣ್ಣು ಬಗೆದು ಡಬ್ಬಿಗೆ ತುಂಬುತ್ತ. ಬಿಸಿಲೇರಿದರೆ ಮೇಲ್ಮಣ್ಣು ಆರಿಬಿಡುತ್ತದೆ, ಆದ್ದರಿಂದ ರೇಡಾರು ನೋಡುವ ಹೊತ್ತಿಗೇ ನಾವೂ ತೆಗೆಯಬೇಕು. ಆಮೇಲೆ ತೂಗಿ, ಒಣಗಿಸಿ, ಮತ್ತೆ ತೂಗಿ, ರೇಡಾರು ಹೇಳಿದ್ದು ನಿಜವೋ ಸುಳ್ಳೋ ಎಂದು ತಾಳೆ ನೋಡಬೇಕು. ಮೀನಿಗೆ ಈಜು ಕಲಿಸಿದ ಹಾಗಾಯಿತು, ಇರಲಿ.

ವಿಮಾನ ಎರಡನೇ ಸುತ್ತಿನಲ್ಲಿದ್ದಾಗ ಆಸ್ಪತ್ರೆಯಿಂದ ಫೋನ್ ಬಂತು. ಅಮ್ಮನ ಉಸಿರು ಏರುಪೇರಾಗಿದೆ, ಕೂಡಲೇ ಬನ್ನಿ ಎಂದರು. ವಾಕಿಟಾಕಿಯಲ್ಲಿ ನಿನ್ನನ್ನು ಕೇಳಿದೆ, ಹೋಗಲೇನೋ ಎಂದು. “ನೀನೀಗ ಬಿಟ್ಟುಹೋದ್ರೆ ಇಡೀ ಹಾರಾಟ ಹೊಳೇಲಿ ಹುಣಸೆಹಣ್ಣು ತೊಳೆದ ಹಾಗೆ ಅಕ್ಕಾ. ಇನ್ನೊಂದೆರಡು ಗಂಟೆ, ಅಷ್ಟೇ. ಅಮ್ಮಂದು ಗಟ್ಟಿ ಜೀವ, ಏನೂ ಆಗಲ್ಲ” ಎಂದೆ ನೀನು. ನಿನ್ನ ಮಾತು ನಂಬಿ ಉಳಿದೆ. ಅಮ್ಮನದೇ ಯೋಚನೆಯಲ್ಲಿ ಗುಡ್ಡದ ಮಣ್ಣಿನ ಡಬ್ಬಿಗೂ ಕೆರೆದಂಡೆಯ ಡಬ್ಬಿಗೂ ಚೀಟಿ ಅದಲುಬದಲಾಗಿ ಅಂಟಿಸಿದೆ. ಕೆಲಸ ಮುಗಿಸಿ ಆಸ್ಪತ್ರೆ ತಲುಪುವಷ್ಟರಲ್ಲಿ ಅಮ್ಮನ ಮುಖದ ಮೇಲೆ ಬಟ್ಟೆ ಎಳೆದಿದ್ದರು.

ಚೀಟಿಯ ತಪ್ಪು ತಿಳಿದದ್ದು ಡಬ್ಬಿಗಳನ್ನು ಬರಿದು ಮಾಡುವಾಗ. ‘ಗುಡ್ಡ’ ಎಂದು ಬರೆದ ಡಬ್ಬಿಯಿಂದ ಕೆರೆಯ ಕಪ್ಪು ಜೇಡಿ ಬಿತ್ತು. ಅಂಕಿಗಳು ಆಗಲೇ ನಿನ್ನ ಕೈಸೇರಿದ್ದವು. ರೇಡಾರಿನ ಅಂಕಿಗಳ ಪಕ್ಕ ಇಟ್ಟು ನೋಡಿದರೆ ನನ್ನ ತಪ್ಪು ನಿನಗೇ ಕಾಣುತ್ತದೆ, ಅಕ್ಕನನ್ನು ರೇಗಿಸಲು ಒಂದು ನೆಪ ಸಿಕ್ಕೀತು ಎಂದುಕೊಂಡೆ.

ಆಮೇಲೆ ನಕ್ಷೆ ಬಂತು. ಅದರಲ್ಲಿ ಗುಡ್ಡ ಕಡುನೀಲಿ, ಕೆರೆದಂಡೆ ಕಂದು. ತಮ್ಮಾ, ಆ ದಂಡೆಯ ಕೆಸರಿನಲ್ಲಿ ನನ್ನ ಒಂದು ಬೂಟು ಹೂತುಹೋಗಿ ಇನ್ನೂ ಸಿಕ್ಕಿಲ್ಲ. ಅದನ್ನು ಒಣ ನೆಲ ಎನ್ನುವ ರೇಡಾರು ಲೋಕದಲ್ಲಿಲ್ಲ. ನಾನು ನೆಲದ ಮೇಲೆ ಮಾಡಿದ ತಪ್ಪು ಆಕಾಶಕ್ಕೆ ಹೇಗೆ ಕಂಡಿತು? ನನ್ನ ಅಂಕಿಗಳನ್ನೇ ಹರಡಿ ಬಣ್ಣ ತುಂಬಿದ್ದೀಯ, ಬೇರೆ ದಾರಿಯೇ ಇಲ್ಲ.

ಪೈಲಟ್‌ನನ್ನು ಹುಡುಕಿಕೊಂಡು ಹೋದೆ. ಪಾಪ, ಟೀ ತರಿಸಿಕೊಟ್ಟು ಹೇಳಿದ. “ಮೊದಲನೇ ಸುತ್ತಲ್ಲೇ ರೇಡಾರು ಕೈಕೊಡ್ತು ಮೇಡಂ. ವಾಪಸ್ ಹೋಗೋಣ ಅಂದೆ. ರನ್‌ವೇ ಹತ್ರ ದೊಡ್ಡೋರೆಲ್ಲ ಬಂದು ನಿಂತಿದಾರೆ, ಮರ್ಯಾದೆ ಹೋಗುತ್ತೆ, ಸುಮ್ನೆ ಸುತ್ತು ಹಾಕಿ ಅಂದ್ರು ನಿಮ್ ತಮ್ಮನೋರು. ಕೆಳಗಿಂದ ಅಂಕಿ ಸಿಕ್ರೆ ಸಾಕು, ನಕ್ಷೆ ಹೇಗೋ ಮಾಡ್ಕೋತೀನಿ ಅಂದ್ರು.”

ಅಂದರೆ ನನ್ನನ್ನು ತಡೆದಾಗ ನಿನಗೆ ಎಲ್ಲವೂ ಗೊತ್ತಿತ್ತು. ಅಮ್ಮನನ್ನು ಸುಟ್ಟು ಬರುವಾಗ ನನ್ನ ಹೆಗಲ ಮೇಲೆ ಕೈಯಿಟ್ಟು “ನಮ್ಮ ಕೈಲಿ ಏನಿತ್ತಕ್ಕಾ” ಎಂದೆಯಲ್ಲ, ಆಗಲೂ ಗೊತ್ತಿತ್ತು. ನಿನ್ನನ್ನು ಎತ್ತಿ ಆಡಿಸಿದವಳು ನಾನು. ಇವತ್ತು ಎದುರಿಗೆ ಸಿಕ್ಕಿದ್ದರೆ ಕೆನ್ನೆಗೆ ಬಾರಿಸುತ್ತಿದ್ದೆ, ಸುಳ್ಳು ಯಾಕೆ ಹೇಳಲಿ.

ಈ ನಕ್ಷೆ ನೋಡಿಕೊಂಡು ಕಾಲುವೆಗೆ ನೀರು ಬಿಡುವವರಿದ್ದಾರೆ. ಸೋಮವಾರ ನಾನು ನಿರ್ದೇಶಕರ ಕೋಣೆಗೆ ಹೋಗಿ ಎಲ್ಲ ಹೇಳುತ್ತೇನೆ. ಅದಕ್ಕೆ ಮೊದಲು ನೀನೇ ಬಾಯಿಬಿಟ್ಟರೆ ಒಳ್ಳೆಯದು.

ನಿನ್ನ ಹೆಂಡತಿ, ಮಕ್ಕಳು ತಣ್ಣಗಿರಲಿ. ನೀನೂ ಚೆನ್ನಾಗಿರು. ಶಾಪ ಹಾಕಲು ನಾಲಗೆ ಏಳುವುದಿಲ್ಲ, ಒಡಹುಟ್ಟಿದ ಕರ್ಮ.

ನಿನ್ನ ಅಕ್ಕ

ಮತ್ತೊಂದು ಮಾತು: ಆಸ್ಪತ್ರೆಯಲ್ಲೇ ಉಳಿದಿದ್ದ ಅಮ್ಮನ ಕನ್ನಡಕ ತರಲು ಮೊನ್ನೆ ಹೋಗಿದ್ದೆ. ಆ ದಿನ ಅಮ್ಮನ ಹತ್ತಿರ ಇದ್ದ ನರ್ಸ್ ಸಿಕ್ಕಳು. ಜೀವಮಾನವಿಡೀ “ಮಗ ಉಂಡನಾ, ಮಗ ಬಂದನಾ” ಎಂದವಳು ಅಮ್ಮ. ಕೊನೆ ಗಳಿಗೆಯಲ್ಲೂ ನಿನ್ನನ್ನೇ ಕೇಳಿರುತ್ತಾಳೆ, ನಾನಿದ್ದರೂ ಇಲ್ಲದಿದ್ದರೂ ಒಂದೇ ಎಂದು ಇಷ್ಟು ದಿನ ಸಮಾಧಾನ ಹೇಳಿಕೊಂಡಿದ್ದೆ. ನರ್ಸ್ ಅಂದಳು: “ಮಗನ ಮಾತೇ ಎತ್ತಲಿಲ್ಲ ಮೇಡಂ. ಮಗಳು ಬಂದ್ಲಾ, ಮಗಳು ಬಂದ್ಲಾ ಅಂತ ಬಾಗಿಲನ್ನೇ ನೋಡ್ತಿದ್ರು.” ಬುದ್ಧಿ ಬಂದಾಗಿನಿಂದ ಕಾದಿದ್ದೆ ಕಣೋ, ಒಂದು ಸಲ ಅಮ್ಮ ನನ್ನನ್ನು ಕೇಳಲಿ ಎಂದು.