ಬಲಗೈಯ ಪಾಲಿನ ಬಳೆ

ಹರಿಹರ
ಫೆಬ್ರವರಿ ೩೦, ೨೨೧೯

ಅಜ್ಜಿ ಬಸಲಿಂಗವ್ವನಿಗೆ ಏಳನೆಯ ತಲೆಮಾರಿನ ಮೊಮ್ಮಗಳು ಚೆನ್ನಾಜಿಯ ನಮಸ್ಕಾರಗಳು.

ತಾರೀಖು ನೋಡಿ ನಗಬೇಡ, ನಮ್ಮಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ಮಾತು ವಿಚಿತ್ರ ಅನ್ನಿಸಿದರೆ ಕ್ಷಮಿಸು. ಇನ್ನೂರು ವರ್ಷ ಹಿಂದಕ್ಕೆ ಹೋಗುವ ಈ ಕಾಗದ ಆಯುಧಪೂಜೆಯ ದಿನವೇ ನಿನಗೆ ಸಿಗಬೇಕು, ಅದೊಂದೇ ನನ್ನ ಚಡಪಡಿಕೆ.

ನಾನು ಗೋಡೆಮಗ್ಗ ರಿಪೇರಿ ಮಾಡುವವಳು. ಗೋಡೆಮಗ್ಗವೆಂದರೆ ಬಾಳೆನಾರಿನಿಂದ ಮನೆಗೋಡೆ ನೇಯುವ ಯಂತ್ರ. ನಮ್ಮೆಲ್ಲರ ಕೈಯಲ್ಲೂ ತಡೆಬಳೆ ಇರುತ್ತದೆ. ಯಂತ್ರದೊಳಗೆ ಕೈ ಇಡುವ ಮೊದಲು ಸ್ವಿಚ್ ಇಳಿಸಿ, ಆ ಬಳೆಯನ್ನು ಅದಕ್ಕೆ ತೊಡಿಸುತ್ತೇವೆ. ಬಳೆ ಇರುವವರೆಗೆ ಯಾರೂ ಸ್ವಿಚ್ ಏರಿಸುವಂತಿಲ್ಲ, ತೊಡಿಸಿದವರೇ ಅದನ್ನು ತೆಗೆಯಬೇಕು. ಮರೆತು ಮನೆಗೆ ಹೋದವರನ್ನು ಮಗ್ಗವನ್ನೇ ಮದುವೆಯಾದೆಯಾ ಎಂದು ಛೇಡಿಸುತ್ತಾರೆ. ನಾಳೆಯಿಂದ ನನ್ನ ಮಗಳು ನೀಲಾಂಬೆಯೂ ಇದೇ ಕೆಲಸಕ್ಕೆ ಹೋಗುತ್ತಾಳೆ. ಬೆಳಿಗ್ಗೆಯಿಂದ ಅವಳ ಬಳೆಯನ್ನು ಮುಟ್ಟಿ ಮುಟ್ಟಿ ನೋಡುತ್ತಿದ್ದೇನೆ.

ಆ ಬಳೆ ನಿನ್ನಿಂದ ಬಂತು. ನಿನಗೆ ಇನ್ನೂ ಆಗದ್ದು ನಮಗೆ ಆಗಿಹೋದ ಕತೆ. ಆಯುಧಪೂಜೆಯ ಮರುದಿನ ನಿನ್ನ ಗಿರಣಿಯಲ್ಲಿ ಕರೆಂಟ್ ಹೋಯಿತು. ಪೂಜೆಗೆ ಹಾಕಿದ್ದ ಚೆಂಡುಹೂವಿನ ಮಾಲೆ ರೋಲರಿಗೆ ಸುತ್ತಿಕೊಂಡಿತ್ತು. ನೀನು ಸ್ವಿಚ್ ಇಳಿಸಲು ಹೋದೆ. ಜೊತೆಯವಳು ಹಾಲಮ್ಮ, "ಇರ್ಲಿ ಬಿಡವ್ವ, ಆಫ್ ಮಾಡಿದ್ರ ಕರೆಂಟ್ ಬಂದಿದ್ದು ಹೆಂಗ್ ಗೊತ್ತಾಗ್ತತಿ?" ಎಂದಳು. ಅವಳ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಯಂತ್ರ ಬೂದಿ ಮುಚ್ಚಿದ ಕೆಂಡದ ಹಾಗೆ ಸುಮ್ಮನಿತ್ತು. ನೀನು ಕೈ ಹಾಕಿದೆ. ಕರೆಂಟ್ ಬಂತು.

ಬಲಗೈ ಮಣಿಕಟ್ಟಿನವರೆಗೆ ಹೋಯಿತು. ಮುಂದೆ ಬಳೆಗಾರ ಬಂದಾಗ ಎಡಗೈಗೆ ತೊಡಿಸಿಕೊಂಡು, ಬಲಗೈಯ ಪಾಲಿನ ಬಳೆಗಳನ್ನು ಗಿರಣಿಗೆ ಒಯ್ದು ಆ ಸ್ವಿಚ್ಚಿಗೆ ನೇತುಹಾಕಿದೆ. ಆಮೇಲೆ ಎಲ್ಲರೂ ಹಾಕತೊಡಗಿದರು. ನೆನೆದರೆ ನನಗೆ ಸಿಟ್ಟು ಬರುತ್ತದೆ. ಕೆಟ್ಟ ಮೇಲೆಯೇ ಬುದ್ಧಿ ಬರಬೇಕೇ?

ನನ್ನ ಗಂಡ ಈ ಕಾಗದವನ್ನು ಕಸಿದುಕೊಂಡಿದ್ದ. ಅಜ್ಜಿಯ ಕೈ ಉಳಿದರೆ ಬಳೆಯ ಪದ್ಧತಿಯೇ ಹುಟ್ಟುವುದಿಲ್ಲ, ಆಗ ನೀಲಾಂಬೆಯ ಕೈಯ ಗತಿಯೇನು ಎಂದು ಕೇಳಿದ. ನನಗೂ ಭಯವಿದೆ ಅಜ್ಜಿ. ಆದರೆ ನನ್ನ ಮಗಳ ಕೈಗಾಗಿ ನಿನ್ನ ಕೈ ಹೋಗಲಿ ಎಂದು ಬಾಯಿ ಮುಚ್ಚಿಕೊಂಡಿರಲು ನನ್ನಿಂದಾಗದು.

ಅದಕ್ಕೇ ಕೇಳುತ್ತೇನೆ. ನಾಳೆ ಕರೆಂಟ್ ಹೋದಾಗ ಸ್ವಿಚ್ ಇಳಿಸು. ಕರೆಂಟ್ ಬಂದದ್ದು ತಿಳಿಯಲು ಮೇಲಿನ ಬಲ್ಬ್ ಸಾಕೆಂದು ಹಾಲಮ್ಮನಿಗೆ ಹೇಳು. ಬಲಗೈಯ ಬಳೆಗಳನ್ನು ತೆಗೆದು ಸ್ವಿಚ್ಚಿಗೆ ನೇತುಹಾಕು. ಮುತ್ತೈದೆ ಬಳೆ ತೆಗೆಯಬಾರದೆಂದು ಯಾರಾದರೂ ಗದರಿದರೆ ಗದರಲಿ. ಕೆಲಸ ಮುಗಿದ ಮೇಲೆ ಮತ್ತೆ ತೊಟ್ಟುಕೊಳ್ಳಲು ನಿನಗೆ ಕೈ ಇರುತ್ತದೆ.