ಒತ್ತಿ ಭಾವಾ, ಒತ್ತಿ

ಸಿಯುಮು, ಉಪೋಲು ದ್ವೀಪ
ಭಾನುವಾರ, ೧೪ ಸೆಪ್ಟೆಂಬರ್ ೨೦೧೪

ಪ್ರೀತಿಯ ಮಸೀನಾ,

ಹೇಗಿದ್ದೀಯ? ಆಕ್ಲೆಂಡಿನ ಚಳಿಗೆ ನಿನ್ನ ಮೊಣಕಾಲು ಏನೆನ್ನುತ್ತಿದೆ? ಎರಡು ಜೊತೆ ಕಾಲುಚೀಲ ಹಾಕಿಕೋ, ಚೆಂದ ಕಾಣುವುದಿಲ್ಲವೆಂದು ಬಿಡಬೇಡ. ತಿರೇಸಾ ಹೊಟ್ಟೆ ತುಂಬ ಉಣ್ಣುತ್ತಿದ್ದಾಳೆಯೇ? ಬಾಣಂತಿಗೆ ಮೀನಿನ ಸಾರು ಕೊಡು, ಅಳಿಯ ತರುವ ಡಬ್ಬಿಯ ಊಟ ಬೇಡ. ಮಗುವಿಗೆ ನನ್ನ ಮೂಗೇ ಬಂದಿದೆಯಂತೆ. ಹೆಣ್ಣು ಮಗು ಪಾಪ, ದೊಡ್ಡವಳಾದ ಮೇಲೆ ನನ್ನನ್ನು ಬೈದುಕೊಳ್ಳುತ್ತಾಳೆ. ನಾನು ಕ್ಷೇಮ, ಹಂದಿಗಳೂ ಕ್ಷೇಮ. ಕೆಸುವಿನ ಗೆಡ್ಡೆ ಬೇಯಿಸುವುದು ಕಲಿತಿದ್ದೇನೆ. ಹಂದಿಗಳು ಅದನ್ನು ಬೇಡವೆನ್ನದೆ ತಿನ್ನುತ್ತಿವೆ.

ನಾಳೆ ನಮ್ಮ ಪಾದ್ರಿಯಮ್ಮ ಆಕ್ಲೆಂಡಿಗೆ ಹಾರುತ್ತಾರೆ, ಅವರ ಕೈಯಲ್ಲೇ ಈ ಕಾಗದ ಕಳಿಸುತ್ತಿದ್ದೇನೆ. ಈಗ ಸುದ್ದಿ ಹೇಳುತ್ತೇನೆ, ಕೂತುಕೊಂಡು ಓದು. ನಮ್ಮ ಕಾರು ಸರಿಹೋಯಿತು. ಮಾಡಿದವನು ನಿನ್ನ ತಮ್ಮ ಇಯೋಪು. ಹೌದು, ಇಯೋಪುವೇ. ಕಾಗದ ತಲೆಕೆಳಗಾಗಿ ಹಿಡಿದಿಲ್ಲ ನೀನು.

ಈ ಕಾರು ಎಷ್ಟು ಸೋಮಾರಿಯಾಗಿತ್ತೆಂದು ನಿನಗೆ ಗೊತ್ತೇ ಇದೆ. ಎಕ್ಸಿಲೇಟರ್ ಒತ್ತಿದರೆ ಮೊದಲು ಏನೂ ಆಗುತ್ತಿರಲಿಲ್ಲ. ಒಂದು ಉಸಿರು ಎಳೆದು ಬಿಡುವಷ್ಟು ಹೊತ್ತಾದ ಮೇಲೆ ಮುಗ್ಗರಿಸಿದಂತೆ ಮುಂದಕ್ಕೆ ನುಗ್ಗುತ್ತಿತ್ತು. ನೀನು ಹೋದ ಮೇಲೆ ಅದು ಇನ್ನೂ ಕೆಟ್ಟಿತು. ಬೆಟ್ಟದ ದಾರಿಯಲ್ಲಿ ಹಿಂದಿನವರೆಲ್ಲ ಹಾರನ್ ಹೊಡೆಯುತ್ತಿದ್ದರು, ನಾನು ಕೈಬೀಸಿ ನಮಸ್ಕಾರ ಹೇಳಿ ಸುಮ್ಮನಾಗುತ್ತಿದ್ದೆ. ಆದರೆ ಕಳೆದ ಬುಧವಾರ ಪಾದ್ರಿಯಮ್ಮ ಟಿಕೆಟ್ ತರಬೇಕೆಂದು ನನ್ನ ಜೊತೆ ಆಪಿಯಾಗೆ ಹೊರಟರು. ಪೇಟೆ ಹತ್ತಿರ ದೊಡ್ಡ ರಸ್ತೆಗೆ ತಿರುಗಬೇಕು, ದೂರದಲ್ಲಿ ಬಸ್ಸು ಬರುತ್ತಿತ್ತು, ಬೇಕಾದಷ್ಟು ಜಾಗವಿತ್ತು. ಒತ್ತಿದೆ. ಕಾರು ಅರ್ಧ ರಸ್ತೆಗೆ ಬಂದು ಅಲ್ಲೇ ಕುಸಿಯಿತು. ನೆಲಕ್ಕೆ ತಾಗುವಂತೆ ಒತ್ತಿದರೂ ಇಲ್ಲ. ಬಸ್ಸಿನ ಮೂತಿಗೆ ಬಳಿದ ಹಳದಿ ಹೂವುಗಳು ಪಾದ್ರಿಯಮ್ಮನ ಕಿಟಕಿಯ ತುಂಬ ಕಾಣುತ್ತಿದ್ದವು. ಅವರು ಕರ್ತನನ್ನು ಎಷ್ಟು ಜೋರಾಗಿ ಕೂಗಿದರೆಂದರೆ, ಕಾರು ಅದಕ್ಕೇ ಹೆದರಿ ನುಗ್ಗಿತೆಂದು ನನ್ನ ನಂಬಿಕೆ. ಬಸ್ಸು ಹಿಂದಿನ ಬಂಪರಿಗೆ ಒಂದು ಗೇಣು ದೂರದಲ್ಲಿ ನಿಂತಿತು. ಡ್ರೈವರ್ ತಲೆ ಹೊರಗೆ ಹಾಕಿ, "ಏನಜ್ಜಾ, ಕಾರು ಇನ್ನೂ ಎದ್ದಿಲ್ವಾ? ಮುಖ ತೊಳ್ಸಿ ಕರ್ಕೊಂಡ್ ಬರೋದಲ್ವಾ!" ಎಂದ. ಬಸ್ಸೆಲ್ಲ ನಕ್ಕಿತು.

ಪಾದ್ರಿಯಮ್ಮ ನಗಲಿಲ್ಲ. "ಫಲನಿಕೊ, ಇಲ್ಲಿಂದ ನೆಟ್ಟಗೆ ವೈತೆಲೆಗೆ ನಡಿ, ಇಯೋಪುನ ಗ್ಯಾರೇಜಿಗೆ" ಎಂದರು. ನಾವು ಮಾತು ಬಿಟ್ಟು ಆರು ವರ್ಷವಾಯಿತಲ್ಲ ಎಂದೆ. "ಯಾವುದೋ ದೋಣಿ ಪಂದ್ಯದಲ್ಲಿ ಯಾರ ದೋಣಿ ಮೂತಿ ಮುಂದಿತ್ತು ಅಂತ ನೀವಿಬ್ರು ಮೂತಿ ತಿರುಗಿಸ್ಕೊಂಡು ಕೂತ್ರೆ ನಾನ್ಯಾಕಪ್ಪಾ ಸಾಯ್ಬೇಕು?" ಎಂದರು. ಕಾರನ್ನು ವೈತೆಲೆಯ ಕಡೆ ತಿರುಗಿಸಿದೆ.

ನಿನ್ನ ತಮ್ಮ ಹಲಸಿನೆಲೆಯಷ್ಟು ಅಗಲದ ತಗಡಿನ ಸೂರಿನ ಕೆಳಗೆ, ಯಾವುದೋ ಲಾರಿಯ ಹೊಟ್ಟೆಯೊಳಗೆ ಮಲಗಿದ್ದ. ಎದ್ದು ಬಂದು ನನ್ನನ್ನು ನೋಡಿದ, ಪಾದ್ರಿಯಮ್ಮನಿಗೆ ತಲೆಬಾಗಿದ, ಕಾರಿನ ಹತ್ತಿರ ಹೋಗಿ ಬಾನೆಟ್ಟಿನ ಮೇಲೆ ಕೈಯಿಟ್ಟು, "ಏನವ್ವಾ, ಏನಾಯ್ತು ನಿಂಗೆ?" ಎಂದು ಕಾರನ್ನೇ ಕೇಳಿದ. ನಾನೂ ಬಿಡಲಿಲ್ಲ. ಕಾರಿನ ಬಾಗಿಲಿಗೆ ಹೇಳಿದೆ, ಒತ್ತಿದಾಗ ತಡವಾಗಿ ಎಳೆಯುತ್ತೆ ಅಂತ ಹೇಳಮ್ಮಾ ಎಂದು. ಪಾದ್ರಿಯಮ್ಮ ಬಾಳೆಹಣ್ಣು ಸುಲಿಯುತ್ತ ನೆರಳಲ್ಲಿ ಕೂತರು. ಹೀಗೇ ಸ್ವಲ್ಪ ಹೊತ್ತು ನಡೆಯಿತು. ಆದರೆ ಈ ಕೆಲಸ ಒಬ್ಬನಿಂದ ಆಗುವಂಥದ್ದಲ್ಲ ನೋಡು. ಒಬ್ಬ ಒಳಗೆ ಕೂತು ಪೆಡಲ್ ಒತ್ತಬೇಕು, ಇನ್ನೊಬ್ಬ ಎಂಜಿನ್ ನೋಡಬೇಕು. ನಾನು ಸೀಟಿನಲ್ಲಿ ಕೂತೆ. ಅವನು ಬಾನೆಟ್ಟಿನ ಹಿಂದೆ ಮರೆಯಾದ. ಕೊನೆಗೆ ಅಲ್ಲಿಂದ, ತೀರ ಸಣ್ಣ ದನಿಯಲ್ಲಿ, "ಒತ್ತಿ ಭಾವಾ" ಎಂದ.

ಮಸೀನಾ, ನನಗೆ ಕಾಲೆತ್ತಲು ಆಗಲಿಲ್ಲ. "ಒತ್ತಿ ಭಾವಾ, ಒತ್ತಿ! ನಿಮ್ಮ ಕಾಲೂ ತಡಾನಾ?" ಎಂದು ಗದರಿದ. ಒತ್ತಿದೆ.

ಮೊದಲು ಸಿಕ್ಕಿದ್ದು ಕೇಬಲ್. ಪೆಡಲಿನಿಂದ ಎಂಜಿನ್ನಿಗೆ ಹೋಗುವ ತಂತಿ ಹಳೇ ಬಟ್ಟೆ ಹಗ್ಗದಂತೆ ಜೋಲುಬಿದ್ದಿತ್ತು. ನಾನು ಒತ್ತಿದ್ದರಲ್ಲಿ ಕಾಲುಭಾಗ ಆ ಜೋಲು ಎಳೆಯುವುದಕ್ಕೇ ಖರ್ಚಾಗುತ್ತಿತ್ತು. ನಟ್ಟು ತಿರುಗಿಸಿ ಬಿಗಿ ಮಾಡಿದ. ಆಮೇಲೆ ಗಾಳಿ ಸೋಸುವ ಫಿಲ್ಟರ್ ತೆಗೆದ. ಅದರ ತುಂಬ ಮಣ್ಣು, ಒಣಗಿದ ಎಲೆ, ಒಂದು ಕೋಳಿಯ ಪುಕ್ಕ. "ಇದು ಕಾರಾ, ಕೋಳಿಗೂಡಾ?" ಎಂದ. ನಿನ್ನಕ್ಕನ ಕೋಳಿ ಎಂದೆ. ಎಂಜಿನ್ನಿನ ಗಂಟಲಿನಲ್ಲಿ, ಗಾಳಿ ಒಳಗೆ ಹೋಗುವ ಕಡೆ, ಮಸಿ ದಪ್ಪಗೆ ಕೂತಿತ್ತು. ಹಳೇ ಲುಂಗಿಯ ಚೂರಿಗೆ ಕ್ಲೀನರ್ ಸಿಂಪಡಿಸಿ ಒರೆಸಿ, ಹಲ್ಲುಜ್ಜುವ ಬ್ರಷ್ಷಿನಿಂದ ಮೆಲ್ಲಗೆ ಉಜ್ಜುತ್ತ ಕೂತ. ಮಗುವಿನ ಕಿವಿ ತೊಳೆಯುವವನ ಹಾಗೆ ಕಾಣುತ್ತಿದ್ದ.

ಎಲ್ಲ ಜೋಡಿಸಿ ನೋಡಿದರೆ ಅರ್ಧ ವಾಸಿ, ಪೂರ್ತಿ ಅಲ್ಲ. ಇನ್ನೂ ಒಂದು ಚೂರು ತಡ. ಅವನು ಬೆವರು ಒರೆಸಿಕೊಂಡು ಎಂಜಿನ್ನನ್ನೇ ದಿಟ್ಟಿಸುತ್ತಿದ್ದ. ಈ ಸಲ ಪಾದ್ರಿಯಮ್ಮನನ್ನು ಸೀಟಿನಲ್ಲಿ ಕೂರಿಸಿ, ನಾನೂ ಹೋಗಿ ಅವನ ಪಕ್ಕ ಬಗ್ಗಿದೆ. ಅವರು ಒತ್ತಿದಾಗಲೆಲ್ಲ ಕೆಳಗಿನಿಂದ ಹಾವು ಬುಸುಗುಟ್ಟಿದಂತೆ ಒಂದು ಸದ್ದು. "ಅದೇನೋ ಬುಸ್ ಅಂತಿದೆಯಲ್ಲೋ" ಎಂದೆ. ಅವನು ನನ್ನ ಮುಖ ನೋಡಿದ. "ಕೇಳ್ತಾ ಇದ್ಯಾ ನಿಮ್ಗೆ? ಈ ಎಡಗಿವಿ ಹೋಗಿ ಎರಡು ವರ್ಷ ಆಯ್ತು ಭಾವಾ. ಬಲಗಿವಿನೂ ಮಂದ" ಎಂದ. ನೀನು ಹೇಳಿರಲಿಲ್ಲ. ಬಹುಶಃ ಹೇಳಿದ್ದೆ, ಅವನ ಹೆಸರು ಬಂದಾಗ ನಾನೇ ಎದ್ದು ಹೋಗುತ್ತಿದ್ದೆನಲ್ಲ. ಸದ್ದಿನ ದಾರಿ ಹಿಡಿದು ಕೈಯಾಡಿಸಿದೆ. ಗಾಳಿಯ ದಪ್ಪ ರಬ್ಬರ್ ಪೈಪು ಅಡಿಯಲ್ಲಿ ಸೀಳಿತ್ತು, ಮೇಲಿನಿಂದ ನೋಡಿದರೆ ಕಾಣುವಂತಿರಲಿಲ್ಲ. ಇಯೋಪು ನನ್ನ ಬೆನ್ನಿಗೆ ಗ್ರೀಸ್ ಕೈಯಿಂದಲೇ ಹೊಡೆದು, "ಸಿಕ್ತು!" ಎಂದು ಕಿರುಚಿದ. ಆ ಗುರುತು ಅಂಗಿಯಿಂದ ಇನ್ನೂ ಹೋಗಿಲ್ಲ. ಹಿತ್ತಲಲ್ಲಿ ಬಿದ್ದಿದ್ದ ಇಂಥದೇ ಹಳೇ ಕಾರಿನಿಂದ ಗಟ್ಟಿ ಪೈಪು ಬಿಚ್ಚಿ ತಂದು ಹಾಕಿದ.

ಪಾದ್ರಿಯಮ್ಮನ ಟಿಕೆಟ್ ತಂದು, ಮೂವರೂ ಕೂತು ಬೆಟ್ಟದ ದಾರಿ ಹತ್ತಿದೆವು. ಕಾಲು ಮುಟ್ಟಿಸಿದರೆ ಸಾಕು, ಹೊರಡುತ್ತದೆ! ಬಸ್ಸೊಂದನ್ನು ಹಿಂದೆ ಹಾಕಿದೆ ಮಸೀನಾ, ಏರಿನಲ್ಲಿ! ಪಾದ್ರಿಯಮ್ಮ ಮತ್ತೆ ಕರ್ತನನ್ನು ಕೂಗಿದರು, ಈ ಸಲ ಬೇರೆ ಕಾರಣಕ್ಕೆ. ತುದಿಯಲ್ಲಿ ನಿಲ್ಲಿಸಿ ಎಳನೀರು ಕುಡಿಯುವಾಗ ಇಯೋಪು, "ಆದ್ರೂ ಭಾವಾ, ಅವತ್ತು ನಮ್ಮ ದೋಣೀನೇ ಮುಂದಿತ್ತು" ಎಂದ. ನಿನ್ನ ಕಣ್ಣೂ ಹೋಗಿದೆಯಾ ಎಂದೆ. ಅಲ್ಲಿಂದ ಜಗಳ ಶುರುವಾದದ್ದು ಮನೆ ಮುಟ್ಟುವವರೆಗೂ ನಿಲ್ಲಲಿಲ್ಲ. ಅವನಿಗೆ ಕೇಳಬೇಕಲ್ಲ, ನಾನು ಗಂಟಲು ಹರಿಯುವಂತೆ ಕೂಗಿದೆ. ಎಷ್ಟು ಹಿತವಾಗಿತ್ತೆಂದು ಹೇಗೆ ಬರೆಯಲಿ. ಇವತ್ತು ಚರ್ಚಿನ ಆರಾಧನೆ ಮುಗಿಸಿ ಅವನೂ ಅವನ ಹೆಂಡತಿಯೂ ನಮ್ಮಲ್ಲೇ ಊಟ ಮಾಡಿದರು. ನಿನ್ನ ತಮ್ಮ ಈಗ ನನ್ನ ಚಾಪೆಯ ಮೇಲೆ ಗೊರಕೆ ಹೊಡೆಯುತ್ತಿದ್ದಾನೆ.

ನೀನು ನಿಧಾನವಾಗಿ ಬಾ, ಇಲ್ಲಿ ಯಾವ ತೊಂದರೆಯೂ ಇಲ್ಲ. ತಿರೇಸಾಳಿಗೂ ಅಳಿಯನಿಗೂ ನನ್ನ ಆಶೀರ್ವಾದ, ದೊಡ್ಡ ಮೂಗಿನ ಪುಟ್ಟಿಗೆ ಎರಡೂ ಕೆನ್ನೆಗೆ ಮುತ್ತು. ದೇವರು ನಿಮ್ಮನ್ನೆಲ್ಲ ಬೆಚ್ಚಗಿಡಲಿ.

ನಿನ್ನ,
ಫಲನಿಕೊ

ಮರೆತಿದ್ದೆ: ಪಾದ್ರಿಯಮ್ಮ ಬಾಗಿಲಲ್ಲಿ ನಿಂತಿದ್ದಾರೆ, ಬೇಗ ಬರೆಯುತ್ತೇನೆ. ಕ್ರಿಸ್‌ಮಸ್ ತನಕ ಇರಲಾ ಎಂದು ನೀನು ಫೋನಿನಲ್ಲಿ ಕೇಳಿದಾಗ ಇರು ಎಂದೆನಲ್ಲ, ಈಗ ಮೇಲೆಯೂ ನಿಧಾನವಾಗಿ ಬಾ ಎಂದು ಬರೆದೆನಲ್ಲ, ಎರಡೂ ಸುಳ್ಳು. ಮುಂದಿನ ತಿಂಗಳು ಮಕ್ಕಳ ಭಾನುವಾರದ ಹಬ್ಬಕ್ಕೆ ಮುಂಚೆಯೇ ಬಂದುಬಿಡು. ವಿಮಾನ ನಿಲ್ದಾಣಕ್ಕೆ ನಾವಿಬ್ಬರೂ ಬರುತ್ತೇವೆ. ಪಾದ್ರಿಯಮ್ಮ ಓದದಿರಲೆಂದು ಲಕೋಟೆಗೆ ಎರಡು ಸಲ ಅಂಟು ಹಚ್ಚುತ್ತೇನೆ. ಬಾ.